ಸವಣೂರಿನ ಕೋಟೆ ಮತ್ತು ಕಡಲಾಚೆಯ ಯುದ್ಧಗಳು

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಉತ್ತರಾಭಿಮುಖವಾಗಿ ಹೊರಟ ಹೆದ್ದಾರಿಯು ಮೊದಲು ರಾಣೆಬೆನ್ನೂರನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಬ್ಯಾಡಗಿಯನ್ನು ಎಡಕ್ಕೆ ಬಿಟ್ಟು, ಮೋಟೆಬೆನ್ನೂರನ್ನು ಹಾದು ಹಾವೇರಿಯನ್ನು ಸೇರುತ್ತದೆ. ಹಾವೇರಿಯ ಆಚೆ ವರದಾ ನದಿ. ನದಿಯ ಆಚೆ ಬಂಕಾಪುರ. ಬಂಕಾಪುರದ ಈಶಾನ್ಯಕ್ಕೆ ಸವಣೂರು. ದಾರಿಯ ಎರಡೂ ಬದಿಗೆ ಕಣ್ಣು ಹರಿಯುವಷ್ಟು ದೂರ ಹೊಲಗಳು. ಜೋಳ, ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಇಲ್ಲಿನ ಬೆಳೆಗಳು. ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಗಳು ಎದ್ದು ನಿಲ್ಲುತ್ತವೆ. ರಾಣೆಬೆನ್ನೂರು ಹತ್ತಿಗೂ ಬಿತ್ತನೆಯ ಬೀಜಕ್ಕೂ, ಹಾವೇರಿ ಏಲಕ್ಕಿಯ ಹಾರಕ್ಕೂ ಹೆಸರಾಗಿವೆ. ಒಕ್ಕಲುತನ ಮತ್ತು ವ್ಯಾಪಾರಗಳಲ್ಲಿ ಮಗ್ನವಾಗಿರುವ ಈ ನಾಡನ್ನು ನೋಡಿದವರಿಗೆ, ಹದಿನೆಂಟನೆಯ ಶತಮಾನದಲ್ಲಿ ಇದು ದೊಡ್ಡ ದೊಡ್ಡ ಸೈನ್ಯಗಳ ನಡೆದಾಟದ ಹಾದಿಯಾಗಿತ್ತೆಂದು ಹೇಳಿದರೆ ಆಶ್ಚರ್ಯವಾದೀತು.

ಬ್ಯಾಡಗಿಯ ಹೆಸರನ್ನು ದೂರ ದೂರಕ್ಕೆ ಒಯ್ದ ಮೆಣಸಿನಕಾಯಿಯೇ ಈ ನೆಲದ್ದಲ್ಲ. ಅದರ ತವರು ಅಮೆರಿಕ ಖಂಡ. ಸಮುದ್ರದ ಮೇಲೆ ಪೋರ್ಚುಗೀಜರ ಕೈ ಮೇಲಾಗಿದ್ದ ಹದಿನಾರನೆಯ ಶತಮಾನದಲ್ಲಿ ಅವರ ಹಡಗುಗಳ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಕ್ರಮೇಣ ಘಟ್ಟವನ್ನು ಹತ್ತಿ ಒಳನಾಡಿನ ಹೊಲವನ್ನೂ ಅಡಿಗೆಮನೆಯನ್ನೂ ಸೇರಿತು. ಕಡಲಾಚೆಯ ರಾಜ್ಯಗಳ ಏಳುಬೀಳುಗಳು ಒಳನಾಡಿನ ಹಳ್ಳಿಯನ್ನು ಹೀಗೆ ಸದ್ದಿಲ್ಲದೆಯೂ ಮುಟ್ಟಬಲ್ಲವು. ಆದರೆ ಅವು ಯಾವಾಗಲೂ ಸದ್ದಿಲ್ಲದೆ ಬರುವುದಿಲ್ಲ. ಸವಣೂರಿಗೆ ಅವು ಬಂದದ್ದು ಫಿರಂಗಿಯ ಸದ್ದಿನೊಡನೆ.

ಸವಣೂರಿನ ನವಾಬರ ಮನೆತನ ಪಠಾಣರದು. ಈ ವಂಶದವರು ಮೊದಲು ಬಿಜಾಪುರದ ಆದಿಲಶಾಹಿಗಳ ಸರದಾರರಾಗಿದ್ದರು. 1686ರಲ್ಲಿ ಬಿಜಾಪುರವು ಔರಂಗಜೇಬನ ವಶವಾದಾಗ, ಬಹಲೋಲಖಾನನ ಮಗನಾದ ಅಬ್ದುಲ್ ರವೂಫ್‌ಖಾನನು ಮೊಗಲರ ಸೇವೆಗೆ ಸೇರಿ, ಬಂಕಾಪುರವೇ ಮೊದಲಾದ ಪ್ರದೇಶಗಳನ್ನು ಜಹಗೀರಾಗಿ ಪಡೆದನು. ಕಾಲಕ್ರಮದಲ್ಲಿ ರಾಜಧಾನಿಯು ಬಂಕಾಪುರದಿಂದ ಸವಣೂರಿಗೆ ಬಂದಿತು. ಹೀಗೆ ಈ ರಾಜ್ಯವು ಹುಟ್ಟಿದಂದಿನಿಂದಲೂ ಮತ್ತೊಂದು ದೊಡ್ಡ ರಾಜ್ಯದ ನೆರಳಿನಲ್ಲಿಯೇ ಬೆಳೆದುದು. ದೆಹಲಿಯ ಹೆಸರಿಗೆ ತೂಕವಿದ್ದಷ್ಟು ಕಾಲ ಸವಣೂರಿಗೆ ಭಯವಿರಲಿಲ್ಲ. 1707ರಲ್ಲಿ ಔರಂಗಜೇಬನು ತೀರಿಕೊಂಡ ಮೇಲೆ ಆ ತೂಕವು ದಿನದಿಂದ ದಿನಕ್ಕೆ ಇಳಿಯತೊಡಗಿತು. ಉತ್ತರದಲ್ಲಿ ಪುಣೆಯ ಪೇಶ್ವೆಗಳು, ಪೂರ್ವದಲ್ಲಿ ಹೈದರಾಬಾದಿನ ನಿಜಾಮರು ಪ್ರಬಲರಾದರು. ಮರಾಠರ ದಂಡು ಕೃಷ್ಣೆಯನ್ನು ದಾಟಿ ಚೌತ್ ಕೇಳಲು ಬಂದಾಗ, ನೆರವಿಗೆ ದೆಹಲಿಯಿಂದ ಯಾರೂ ಬರಲಿಲ್ಲ. 1747ರಲ್ಲಿ ಮಾಡಿಕೊಂಡ ಒಪ್ಪಂದದಂತೆ ನವಾಬ ಅಬ್ದುಲ್ ಮಜೀದ್‌ಖಾನನು ತನ್ನ ರಾಜ್ಯದ ಬಹುಭಾಗವನ್ನು ಮರಾಠರಿಗೆ ಬಿಟ್ಟುಕೊಡಬೇಕಾಯಿತು.

ಇಷ್ಟರವರೆಗಿನ ಕಥೆ ಭಾರತದ ಒಳಗಿನದು. ದೊಡ್ಡದು ಚಿಕ್ಕದನ್ನು ನುಂಗುವ ಈ ಬಗೆಯ ಕಥೆ ಯಾವ ದೇಶದ ಇತಿಹಾಸದಲ್ಲಿಯೂ ಅಪರೂಪವಲ್ಲ. ಸವಣೂರಿನ ಕಥೆ ಬೇರೆಯ ತಿರುವನ್ನು ಪಡೆದುದು ಅದೇ ದಶಕದಲ್ಲಿ, ಯೂರೋಪಿನ ಎರಡು ರಾಜ್ಯಗಳ ವೈರವು ಇಲ್ಲಿಗೆ ಬಂದು ಇಳಿದಾಗ.

ಆಸ್ಟ್ರಿಯದ ಸಿಂಹಾಸನದ ಹಕ್ಕನ್ನು ಕುರಿತು 1740ರಲ್ಲಿ ಯೂರೋಪಿನಲ್ಲಿ ಒಂದು ಯುದ್ಧವು ತೊಡಗಿತು. ಅದರಲ್ಲಿ ಆಂಗ್ಲರೂ ಫ್ರೆಂಚರೂ ಎದುರು ಪಕ್ಷಗಳಲ್ಲಿದ್ದರು. ಆಸ್ಟ್ರಿಯದ ಸಿಂಹಾಸನಕ್ಕೂ ಕೋರಮಂಡಲ ಕರಾವಳಿಗೂ ಯಾವ ನಂಟೂ ಇರಲಿಲ್ಲ. ಆದರೂ ಎರಡು ದೇಶಗಳ ವ್ಯಾಪಾರಿ ಕಂಪನಿಗಳು ಮದರಾಸು, ಪಾಂಡಿಚೇರಿಗಳಲ್ಲಿ ಕೋಟೆ ಕಟ್ಟಿಕೊಂಡಿದ್ದುದರಿಂದ ಜಗಳವು ಇಲ್ಲಿಯೂ ಹೊತ್ತಿಕೊಂಡಿತು. ಆಗ ಪಾಂಡಿಚೇರಿಯ ಅಧಿಕಾರಿಯಾಗಿದ್ದ ಡೂಪ್ಲೆಯು ಒಂದು ಸಂಗತಿಯನ್ನು ಕಂಡುಕೊಂಡನು. ಕವಾಯತು ಕಲಿತ ಕೆಲವು ನೂರು ಸಿಪಾಯಿಗಳು, ಬೇಗ ಬೇಗ ಗುಂಡು ಹಾರಿಸಬಲ್ಲ ಕೆಲವು ತೋಪುಗಳು ಇದ್ದರೆ, ಹತ್ತಾರು ಸಾವಿರ ಕುದುರೆಸವಾರರ ಸೈನ್ಯವನ್ನು ಚದುರಿಸಬಹುದು ಎಂಬುದೇ ಆ ಸಂಗತಿ. ಯಾವ ನವಾಬನನ್ನು ಗದ್ದುಗೆಯಲ್ಲಿ ಕೂರಿಸಬೇಕು, ಯಾರನ್ನು ಇಳಿಸಬೇಕು ಎಂಬುದನ್ನು ವ್ಯಾಪಾರಿಗಳು ನಿರ್ಧರಿಸುವ ಕಾಲ ಬಂದಿತು.

ಈ ಹೊಸ ಆಟಕ್ಕೆ ಸಿಕ್ಕಿದವರಲ್ಲಿ ಸವಣೂರಿನ ಅಬ್ದುಲ್ ಮಜೀದ್‌ಖಾನನೂ ಒಬ್ಬನು. 1750ರ ಡಿಸೆಂಬರಿನಲ್ಲಿ ಅವನು ಹೈದರಾಬಾದಿನ ನಾಸಿರ್‌ಜಂಗನ ಪಾಳೆಯದೊಡನೆ ಸೆಂಜಿಯ ಸಮೀಪದಲ್ಲಿದ್ದನು. ಕಡಪ, ಕರ್ನೂಲು, ಸವಣೂರಿನ ಮೂವರು ಪಠಾಣ ನವಾಬರೊಡನೆ ಫ್ರೆಂಚರು ಗುಟ್ಟಾಗಿ ಮಾತನಾಡಿಕೊಂಡಿದ್ದರು. ಫ್ರೆಂಚರು ಪಾಳೆಯದ ಮೇಲೆ ಬಿದ್ದ ದಿನ ನಾಸಿರ್‌ಜಂಗನು ತನ್ನವರ ಕೈಯಿಂದಲೇ ಹತನಾದನು. ಫ್ರೆಂಚರು ಅವನ ಸ್ಥಾನಕ್ಕೆ ಮುಜಫರ್‌ಜಂಗನನ್ನು ತಂದರು. ಆದರೆ ತಮಗೆ ದೊರೆತ ಬಹುಮಾನದಿಂದ ಮೂವರು ನವಾಬರೂ ತೃಪ್ತರಾಗಲಿಲ್ಲ. ಮರುವರ್ಷ, 1751ರ ಆರಂಭದಲ್ಲಿ, ರಾಯಚೋಟಿಯ ಸಮೀಪದಲ್ಲಿ ಅವರು ಹೊಸ ಒಡೆಯನ ಮೇಲೆಯೇ ತಿರುಗಿಬಿದ್ದರು. ಆ ಕಾಳಗದಲ್ಲಿ ಮುಜಫರ್‌ಜಂಗನೂ ಸತ್ತನು, ಸವಣೂರಿನ ನವಾಬನೂ ಸತ್ತನು. ವರದಾ ತೀರದ ಒಬ್ಬ ಅರಸು ನೂರಾರು ಮೈಲಿ ದೂರದ ತೆಲುಗು ನಾಡಿನಲ್ಲಿ, ತನ್ನ ನಾಡಿಗೆ ಸಂಬಂಧವೇ ಇಲ್ಲದ ಜಗಳದಲ್ಲಿ ಪ್ರಾಣ ಬಿಟ್ಟುದು ಹೀಗೆ. ಇದರಲ್ಲಿ ಅವನ ಆಸೆಯ ಪಾಲೂ ಇದ್ದಿತು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಅವನ ನಂತರ ಬಂದ ಅಬ್ದುಲ್ ಹಕೀಮ್‌ಖಾನನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಈ ಬಿರುಗಾಳಿಯ ನಡುವೆ ಬಾಳಿದನು. ಅವನ ಆಳ್ವಿಕೆಯ ಮೊದಲ ದೊಡ್ಡ ಪರೀಕ್ಷೆ 1756ರಲ್ಲಿ ಬಂದಿತು. ಮುಜಫರ್‌ಖಾನನೆಂಬ ಸೇನಾನಿಯೊಬ್ಬನು ಪೇಶ್ವೆಯ ಸೇವೆಯನ್ನು ಬಿಟ್ಟು ಸವಣೂರಿನ ಆಶ್ರಯಕ್ಕೆ ಬಂದನು. ಅವನ ಕೈಕೆಳಗೆ ಗಾರ್ದಿಗಳು, ಎಂದರೆ ಯೂರೋಪಿನ ಕ್ರಮದಲ್ಲಿ ತರಬೇತಿ ಪಡೆದ ಕಾಲಾಳುಗಳು ಇದ್ದರು. ಸವಣೂರಿನಂತಹ ರಾಜ್ಯಕ್ಕೆ ಅಂತಹ ಸೇನಾನಿಯು ದೊರೆತುದು ಭಾಗ್ಯವೇ ಸರಿ. ಆದರೆ ಪೇಶ್ವೆ ಬಾಲಾಜಿ ಬಾಜಿರಾಯನು ಅವನನ್ನು ಒಪ್ಪಿಸಬೇಕೆಂದು ಕೇಳಿದನು. ನವಾಬನು ಒಪ್ಪಲಿಲ್ಲ. ಗುತ್ತಿಯ ಮುರಾರಿರಾವ ಘೋರ್ಪಡೆಯೂ ನವಾಬನ ಪಕ್ಷಕ್ಕೆ ಸೇರಿ ಕೋಟೆಯೊಳಗೆ ಬಂದನು. ಪೇಶ್ವೆಯು ಮುತ್ತಿಗೆ ಹಾಕಿದನು. ಹೈದರಾಬಾದಿನ ಸಲಾಬತ್‌ಜಂಗನು ಅವನೊಡನೆ ಕೂಡಿಕೊಂಡನು. ಸಲಾಬತ್‌ಜಂಗನ ಜೊತೆಯಲ್ಲಿ ಫ್ರೆಂಚ್ ಸೇನಾಪತಿ ಬುಸ್ಸಿಯೂ ಅವನ ತೋಪುಗಳೂ ಇದ್ದವು.

ಸವಣೂರಿನ ಕೋಟೆ ದುರ್ಬಲವಾದುದೇನಲ್ಲ. ಕುದುರೆಯ ದಂಡು ಬಂದರೆ, ಹಳೆಯ ಮಾದರಿಯ ತೋಪುಗಳು ಬಂದರೆ, ಅದು ತಿಂಗಳುಗಟ್ಟಲೆ ತಡೆದು ನಿಲ್ಲಬಲ್ಲದಾಗಿತ್ತು. ಒಳಗೆ ಧಾನ್ಯ, ನೀರು ಇದ್ದು, ಹೊರಗೆ ಮಳೆಗಾಲ ಹಿಡಿದರೆ ಮುತ್ತಿಗೆ ಹಾಕಿದವರೇ ಬೇಸತ್ತು ಹೊರಟುಹೋಗುವುದು ವಾಡಿಕೆ. ಸಣ್ಣ ರಾಜ್ಯಗಳ ರಕ್ಷಣೆಯೆಲ್ಲ ನಿಂತಿದ್ದುದು ಈ ಲೆಕ್ಕದ ಮೇಲೆ. ಬುಸ್ಸಿಯ ಭಾರಿ ತೋಪುಗಳು ಆ ಲೆಕ್ಕವನ್ನು ತಲೆಕೆಳಗು ಮಾಡಿದವು. ಒಂದೇ ಜಾಗಕ್ಕೆ ಗುರಿಯಿಟ್ಟು ಮತ್ತೆ ಮತ್ತೆ ಹೊಡೆಯುವ ಗುಂಡಿಗೆ ಕಲ್ಲುಮಣ್ಣಿನ ಎತ್ತರವಾದ ಗೋಡೆ ಬಹಳ ದಿನ ತಾಳದು. ಅದಕ್ಕೆ ಉತ್ತರ ಕೊಡಬೇಕಾದರೆ ಅಂತಹದೇ ತೋಪುಗಳು ಬೇಕು. ತೋಪು ಎರಕ ಹೊಯ್ಯುವ ಕಾರ್ಖಾನೆ, ಒಳ್ಳೆಯ ಮದ್ದು, ಗುರಿ ಹಿಡಿಯಬಲ್ಲ ಕುಶಲರು, ತಿಂಗಳು ತಿಂಗಳಿಗೆ ಸರಿಯಾಗಿ ಸಂಬಳ ಪಡೆಯುವ ಸಿಪಾಯಿಗಳು, ಇಷ್ಟೂ ಬೇಕು. ಅರ್ಧ ರಾಜ್ಯವನ್ನು ಆಗಲೇ ಕಳೆದುಕೊಂಡಿದ್ದ ನವಾಬನ ಬೊಕ್ಕಸಕ್ಕೆ ಅದು ಎಟುಕುವ ಮಾತಾಗಿರಲಿಲ್ಲ. ಮುಂದೆ ಮೈಸೂರಿನಂತಹ ರಾಜ್ಯವು ಆ ವೆಚ್ಚವನ್ನು ಹೊತ್ತು ಸಾಧಿಸಿ ತೋರಿಸಿತು; ಆದರೆ ಮೈಸೂರಿನ ಉತ್ಪನ್ನವೆಲ್ಲಿ, ಸವಣೂರಿನ ಉತ್ಪನ್ನವೆಲ್ಲಿ!

ಮೇ ತಿಂಗಳಿನಲ್ಲಿ ಸಂಧಿಯಾಯಿತು. ಈ ಸಂಧಿಯ ಹಿಂದೆ ಒಂದು ವಿಚಿತ್ರವಾದ ವ್ಯವಹಾರ ನಡೆದುದಾಗಿ ಆ ಕಾಲದ ಇತಿಹಾಸಕಾರರು ಬರೆದಿದ್ದಾರೆ. ಮುರಾರಿರಾವನು ಹಿಂದೆ ಫ್ರೆಂಚರ ಪರವಾಗಿ ಕಾದಿದ್ದನು. ಅದಕ್ಕಾಗಿ ಅವರಿಂದ ಅವನಿಗೆ ದೊಡ್ಡ ಮೊತ್ತದ ಹಣ ಬರಬೇಕಾಗಿತ್ತು. ಆ ಸಾಲದ ಪತ್ರವನ್ನು ಅವನು ಬುಸ್ಸಿಗೆ ಬಿಟ್ಟುಕೊಟ್ಟನು. ಬುಸ್ಸಿಯು ಮಧ್ಯಸ್ಥನಾಗಿ ಸಂಧಿಯ ಷರತ್ತುಗಳನ್ನು ಹಗುರಗೊಳಿಸಿದನು. ಸವಣೂರಿನ ಗೋಡೆಯನ್ನು ಒಡೆದುದೂ ಫ್ರೆಂಚರ ತೋಪು, ಸವಣೂರನ್ನು ಪೂರ್ತಿ ನಾಶದಿಂದ ಉಳಿಸಿದುದೂ ಫ್ರೆಂಚರ ಸಾಲ. ಎರಡರಲ್ಲಿ ಒಂದೂ ನವಾಬನ ಕೈಯಲ್ಲಿರಲಿಲ್ಲ. ಅದೇ ಸವಣೂರಿನ ಪಾಳೆಯದಲ್ಲಿ ಸಲಾಬತ್‌ಜಂಗನು ಬುಸ್ಸಿಯನ್ನು ತನ್ನ ಸೇವೆಯಿಂದ ವಜಾ ಮಾಡಿದನು. ಅದೇ ಮೇ ತಿಂಗಳಿನಲ್ಲಿ ಅತ್ತ ಇಂಗ್ಲೆಂಡು ಫ್ರಾನ್ಸಿನ ಮೇಲೆ ಮತ್ತೊಂದು ಯುದ್ಧವನ್ನು ಸಾರಿತು. ಏಳು ವರ್ಷ ನಡೆದ ಆ ಯುದ್ಧದಲ್ಲಿ ಫ್ರೆಂಚರು ಸೋತರು. ಬುಸ್ಸಿಯು 1760ರಲ್ಲಿ ವಾಂಡಿವಾಷ್ ಕಾಳಗದಲ್ಲಿ ಆಂಗ್ಲರಿಗೆ ಸೆರೆಸಿಕ್ಕಿದನು. ನಾಲ್ಕು ವರ್ಷಗಳ ಹಿಂದೆ ಸವಣೂರಿನ ಭವಿಷ್ಯವನ್ನು ತೂಗಿದವನ ಗತಿ ಇದು.

ಅಷ್ಟರಲ್ಲಿ ದಕ್ಷಿಣದಲ್ಲಿ ಮತ್ತೊಂದು ಶಕ್ತಿ ಎದ್ದಿತು. ಮೈಸೂರಿನ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದುಕೊಂಡ ಮೇಲೆ ಸವಣೂರು ಅವನ ನೆರೆಯ ರಾಜ್ಯವಾಯಿತು. ಹಕೀಮ್‌ಖಾನನು ಮರಾಠರ ಕಡೆಗೆ ವಾಲಿದನು. ಹೈದರಾಲಿಯು ಅವನನ್ನು ಸೋಲಿಸಿದನು. 1764ರ ಮೇ ತಿಂಗಳಿನಲ್ಲಿ ಪೇಶ್ವೆ ಮಾಧವರಾಯನು ಈಗಿನ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಲ್ಲಿ ಹೈದರಾಲಿಯನ್ನು ಸೋಲಿಸಿದಾಗ ಸವಣೂರಿಗೆ ಉಸಿರು ಬಂದಿತು. ಮಾಧವರಾಯನು ಅಕಾಲದಲ್ಲಿ ತೀರಿಕೊಂಡನು. ಪುಣೆಯಲ್ಲಿ ಒಳಜಗಳ ಹುಟ್ಟಿತು; 1776ರಲ್ಲಿ ಹೈದರಾಲಿಯು ಮತ್ತೆ ಸವಣೂರಿಗೆ ಬಂದನು. ಪುಣೆಯಲ್ಲಿ ಗಾಳಿ ಬೀಸಿದರೆ ಸವಣೂರಿನಲ್ಲಿ ಮರ ಅಲುಗಾಡುತ್ತಿತ್ತು.

ಗೋಡೆಯಿಂದ ಆಗದ ರಕ್ಷಣೆಯನ್ನು ನಂಟಸ್ತಿಕೆಯಿಂದ ಪಡೆಯಲು ನವಾಬನು ಯತ್ನಿಸಿದನು. 1779ರಲ್ಲಿ ಹೈದರಾಲಿಯ ಕಿರಿಯ ಮಗ ಕರೀಮನಿಗೆ ನವಾಬನ ಮಗಳನ್ನೂ, ನವಾಬನ ಹಿರಿಯ ಮಗನಿಗೆ ಹೈದರಾಲಿಯ ಮಗಳನ್ನೂ ಕೊಟ್ಟು ಶ್ರೀರಂಗಪಟ್ಟಣದಲ್ಲಿ ವೈಭವದಿಂದ ವಿವಾಹಗಳು ನಡೆದವು. ಕಳೆದುಕೊಂಡ ಪ್ರದೇಶದಲ್ಲಿ ಒಂದು ಭಾಗವು ನವಾಬನಿಗೆ ಹಿಂದಿರುಗಿತು. ಅದಕ್ಕೆ ಪ್ರತಿಯಾಗಿ ಅವನು ತನ್ನ ಮಕ್ಕಳ ನಾಯಕತ್ವದಲ್ಲಿ 2000 ಆಯ್ದ ಪಠಾಣ ಸವಾರರನ್ನು ಹೈದರಾಲಿಯ ಸೇವೆಗೆ ಒದಗಿಸಬೇಕೆಂದು ನಿರ್ಣಯವಾಯಿತು. ಈ ಷರತ್ತನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ರಕ್ಷಣೆ ಬೇಡಿದ ರಾಜ್ಯವೇ ತನ್ನ ಅತ್ಯುತ್ತಮ ಸವಾರರನ್ನು ರಕ್ಷಕನ ಯುದ್ಧಗಳಿಗೆ ಕಳುಹಿಸಬೇಕು. ಅವರ ಕುದುರೆ, ಹುಲ್ಲು, ಹುರುಳಿ, ಸಂಬಳಗಳ ಭಾರವು ತನ್ನ ರೈತರ ಮೇಲೆಯೇ ಬೀಳಬೇಕು. ಮರುವರ್ಷವೇ, 1780ರಲ್ಲಿ, ಹೈದರಾಲಿಯು ಆಂಗ್ಲರ ಮೇಲೆ ಯುದ್ಧಕ್ಕೆ ಹೊರಟಾಗ ಆ ಸವಾರರ ಮೇಲಣ ಹಕ್ಕು ಅವನ ಕೈಯಲ್ಲಿತ್ತು.

ಆ ಯುದ್ಧದ ಹಿಂದೆಯೂ ಒಂದು ದೂರದ ಯುದ್ಧವಿದ್ದಿತು. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಆಡಳಿತವನ್ನು ಕಿತ್ತೊಗೆಯಲು ಹೋರಾಡುತ್ತಿದ್ದವು. 1778ರಲ್ಲಿ ಫ್ರಾನ್ಸು ಅವುಗಳ ಪರವಾಗಿ ನಿಂತಿತು. ಹೀಗಾಗಿ ಫ್ರೆಂಚರ ನೌಕಾಪಡೆಯು ಹೈದರಾಲಿಯ ನೆರವಿಗೂ ಬಂದಿತು. ಹೈದರಾಲಿಯು 1782ರ ಡಿಸೆಂಬರಿನಲ್ಲಿ ನಿಧನನಾದನು; ಮಗ ಟಿಪ್ಪು ಸುಲ್ತಾನನು ಯುದ್ಧವನ್ನು ಮುಂದುವರಿಸಿದನು. ಮರುವರ್ಷ ಅವನು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ, ಯೂರೋಪಿನಲ್ಲಿ ಆಂಗ್ಲರಿಗೂ ಫ್ರೆಂಚರಿಗೂ ಶಾಂತಿಯಾಯಿತೆಂಬ ವರ್ತಮಾನ ಬಂದಿತು. ಜೊತೆಯಲ್ಲಿದ್ದ ಫ್ರೆಂಚ್ ತುಕಡಿಯು ಆಯುಧವನ್ನು ಕೆಳಗಿಟ್ಟು ಹಿಂದೆ ಸರಿಯಿತು. ಮೈಸೂರಿನಷ್ಟು ಬಲಿಷ್ಠವಾದ ರಾಜ್ಯಕ್ಕೇ ಹೀಗಾದ ಮೇಲೆ ಅದರ ನೆರಳಿನಲ್ಲಿದ್ದ ಸವಣೂರಿನ ಮಾತೇನು? 1784ರಲ್ಲಿ ಆಂಗ್ಲರೊಡನೆ ಸಂಧಿ ಮಾಡಿಕೊಂಡ ಟಿಪ್ಪುವು ಉತ್ತರದ ಕಡೆಗೆ ದೃಷ್ಟಿ ತಿರುಗಿಸಿದನು. 1785ರಲ್ಲಿ ನರಗುಂದವು ಅವನ ವಶವಾಯಿತು. ಸವಣೂರಿನವರು ಒಪ್ಪಿದಷ್ಟು ಸವಾರರನ್ನು ಕಳುಹಿಸಲಿಲ್ಲವೆಂದು ಲೆಕ್ಕ ತೆಗೆದು, ಕೊರತೆಗಾಗಿ ದೊಡ್ಡ ಮೊತ್ತದ ಬಾಕಿಯನ್ನು ಕೇಳಲಾಯಿತು. ನವಾಬನು ಕೊಡಲಾರದೆ ಮತ್ತೆ ಮರಾಠರ ಕಡೆಗೆ ನೋಡಿದನು.

1786ರ ಮಳೆಗಾಲದಲ್ಲಿ ತುಂಗಭದ್ರೆಯು ದಡ ತುಂಬಿ ಹರಿಯುತ್ತಿತ್ತು. ಅಂತಹ ಪ್ರವಾಹದಲ್ಲಿ ಯಾವ ಸೈನ್ಯವೂ ದಾಟಿ ಬರಲಾರದೆಂದು ಮರಾಠರೂ ನಿಜಾಮನ ಕಡೆಯವರೂ ನಂಬಿದ್ದರು. ಟಿಪ್ಪುವು ಹರಿಗೋಲು ತೆಪ್ಪಗಳಲ್ಲಿ ತನ್ನ ದಂಡನ್ನೂ ತೋಪುಗಳನ್ನೂ ದಾಟಿಸಿಬಿಟ್ಟನು. ಅವನ ಯುದ್ಧಜೀವನದ ಧೀರ ಸಾಹಸಗಳಲ್ಲಿ ಅದೊಂದು. ಅಕ್ಟೋಬರ್ ಆರಂಭದಲ್ಲಿ ಸವಣೂರಿನ ಬಳಿ ಬೆಳಗು ಹರಿಯುವ ಹೊತ್ತಿಗೆ ನಡೆದ ಕಾಳಗದ ನಂತರ ಮರಾಠರ ಪಾಳೆಯವು ಹಿಂದೆ ಸರಿಯಿತು. ನವಾಬನೂ ಅವರೊಡನೆ ಊರು ಬಿಟ್ಟನು. ಬೀಗರ ರಾಜಧಾನಿಯನ್ನು ಟಿಪ್ಪುವಿನ ಸೈನ್ಯವು ಪ್ರವೇಶಿಸಿತು. ಅರಮನೆಯ ಬೆಲೆಬಾಳುವ ವಸ್ತುಗಳು ಕೈಬಿಟ್ಟುಹೋದವು. ಮದುವೆಗಳಾಗಿ ಆಗ ಏಳು ವರ್ಷ ಮಾತ್ರವಾಗಿತ್ತು.

ಹಕೀಮ್‌ಖಾನನನ್ನು ಎರಡು ಬಗೆದವನೆಂದು ಹಳಿದವರುಂಟು. ಅವನು ಒಮ್ಮೆ ಪುಣೆಯ ಕಡೆ, ಒಮ್ಮೆ ಶ್ರೀರಂಗಪಟ್ಟಣದ ಕಡೆ ತಿರುಗಿದುದು ನಿಜ. ಆದರೆ ಅವನ ಮುಂದೆ ಇದ್ದ ದಾರಿಗಳನ್ನೂ ಎಣಿಸಿ ನೋಡಬೇಕು. ಒಬ್ಬನೇ ನಿಂತು ಕಾದಿದುದರ ಫಲವನ್ನು 1756ರಲ್ಲಿ ಅವನು ಕಂಡಿದ್ದನು. ಯಾರ ಪಕ್ಷಕ್ಕೂ ಸೇರದೆ ಇರೋಣವೆಂದರೆ, ಎರಡು ದೊಡ್ಡ ರಾಜ್ಯಗಳ ನಡುವಣ ಹೆದ್ದಾರಿಯ ಮೇಲೆಯೇ ಅವನ ಊರು ಇದ್ದಿತು. ದಂಡು ಬಂದು ಹುಲ್ಲು, ಧಾನ್ಯ, ಹಣ ಕೇಳಿದಾಗ ಕೊಟ್ಟರೆ ಒಬ್ಬರಿಗೆ ಶತ್ರು, ಕೊಡದಿದ್ದರೆ ಮತ್ತೊಬ್ಬರಿಗೆ ಶತ್ರು. ಸ್ವಿಟ್ಸರ್ಲೆಂಡಿನಂತಹ ಸಣ್ಣ ದೇಶವನ್ನು ಕಾಯಲು ಆಲ್ಪ್ಸ್ ಪರ್ವತಗಳಿವೆ. ಸವಣೂರನ್ನು ಕಾಯಲು ಇದ್ದುದು ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುವ ವರದಾ ನದಿ. ಬಲಿಷ್ಠನಾದವನ ಪಕ್ಷ ಸೇರುವುದೊಂದೇ ಉಳಿದ ದಾರಿ. ನಾಳೆ ಬಲಿಷ್ಠನಾಗುವವನು ಯಾರೆಂಬುದು ಪ್ಯಾರಿಸ್ಸಿನಲ್ಲಿ ಮತ್ತು ಲಂಡನ್ನಿನಲ್ಲಿ ಸಹ ನಿರ್ಧಾರವಾಗುತ್ತಿದ್ದುದರಿಂದ, ಅದನ್ನು ಸವಣೂರಿನ ದರಬಾರಿನಲ್ಲಿ ಕುಳಿತು ಊಹಿಸುವುದು ಸಾಧ್ಯವಿರಲಿಲ್ಲ.

ಅರಸನಿಗಾದರೂ ಊರು ಬಿಟ್ಟು ಹೋಗುವ ದಾರಿಯಿತ್ತು. ಹೊಲವನ್ನು ಹೆಗಲ ಮೇಲೆ ಹೊತ್ತು ರೈತನು ಎಲ್ಲಿಗೆ ಹೋದಾನು? ಆ ಕಾಲದ ಸೈನ್ಯವೆಂದರೆ ಬರೀ ಸೈನಿಕರಲ್ಲ. ಕುದುರೆ, ಎತ್ತು, ಆನೆ, ಒಂಟೆಗಳು, ಪಾಳೆಯದ ಪೇಟೆ, ಅದರ ಹಿಂದೆ ಸುಲಿಗೆಗಾರರ ಗುಂಪು, ಎಲ್ಲ ಸೇರಿ ನಡೆಯುವ ಒಂದು ಪಟ್ಟಣವೇ ಅದು. ಲಂಬಾಣಿಗಳು ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿ ತಂದು ಸೈನ್ಯಗಳನ್ನು ಸಾಕುತ್ತಿದ್ದರು. ಅವರು ತರುವುದು ಸಾಲದಾದಾಗ ಹತ್ತಿರದ ಹಗೇವುಗಳಿಗೆ ಕೈ ಬೀಳುತ್ತಿತ್ತು. ಬಿತ್ತುವ ಕಾಲಕ್ಕೆ ಎತ್ತು ದಂಡಿನ ಪಾಲಾದರೆ, ಬೆಳೆದು ನಿಂತ ಜೋಳ ಕುದುರೆಗಳ ಪಾಲಾಗುತ್ತಿತ್ತು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಮರಾಠರೂ ಆಂಗ್ಲರೂ ಕೂಡಿ ಧಾರವಾಡಕ್ಕೆ ಮುತ್ತಿಗೆ ಹಾಕಿದ್ದರು. ಅದರ ಬೆನ್ನಿಗೇ ಈ ಭಾಗದಲ್ಲಿ ಘೋರವಾದ ಕ್ಷಾಮ ಬಂದಿತು. ಜನ ಅದನ್ನು ಡೋಗಿ ಬರವೆಂದು ಕರೆದರು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬುದು ಆ ಹೆಸರಿನ ಹಿಂದಿನ ನೆನಪು. ಮಳೆ ಕೈಕೊಟ್ಟುದು ಒಂದು ಕಾರಣ. ಮಳೆ ಕೈಕೊಟ್ಟ ವರ್ಷ ಉಣ್ಣಲು ಹಗೇವಿನಲ್ಲಿ ಹಳೆಯ ಕಾಳು ಉಳಿದಿರದಿದ್ದುದು ಇನ್ನೊಂದು ಕಾರಣ. ಅದರ ಹೊಣೆ ಮಳೆಯದಲ್ಲ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ತುಂಗಭದ್ರೆಯವರೆಗಿನ ಸೀಮೆಯು ಮರಾಠರಿಗೆ ಸೇರಿತು. ಆದರೂ ಶಾಂತಿ ನೆಲೆಸಲಿಲ್ಲ. ಮುಂದಿನ ಘಟನೆಯ ಎಳೆಯನ್ನು ಹಿಡಿದು ಹೋದರೆ ಅದು ಈಜಿಪ್ಟಿಗೆ ಮುಟ್ಟುತ್ತದೆ. 1798ರಲ್ಲಿ ಫ್ರಾನ್ಸಿನ ಸೇನಾನಿ ನೆಪೋಲಿಯನ್ ಬೋನಪಾರ್ಟನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದನು. ಅವನು ಅಲ್ಲಿಂದ ಭಾರತಕ್ಕೆ ಬಂದು ಟಿಪ್ಪುವನ್ನು ಕೂಡಿಕೊಂಡಾನೆಂಬ ಭೀತಿ ಆಂಗ್ಲರನ್ನು ಹಿಡಿಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯು ತಡಮಾಡದೆ ಯುದ್ಧ ಹೂಡಿದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪು ಸುಲ್ತಾನನು ಕೋಟೆಯ ಬಾಗಿಲಿನ ಬಳಿ ಕಾದಾಡುತ್ತ ಮಡಿದನು. ಅಲ್ಲಿನ ಸೆರೆಮನೆಯ ಬಾಗಿಲು ತೆರೆದಾಗ ಹೊರಬಂದವರಲ್ಲಿ ಧೋಂಡಿಯ ವಾಘನೆಂಬ ಸಾಹಸಿಯೂ ಇದ್ದನು. ಚನ್ನಗಿರಿಯ ಕಡೆಯವನಾದ ಅವನು ಹೈದರಾಲಿಯ ಸೈನ್ಯದಲ್ಲಿ ಬೆಳೆದವನು. ಮುಂದೆ ಸ್ವತಂತ್ರನಾಗಿ ತಿರುಗಿ, ಕೊನೆಗೆ ಟಿಪ್ಪುವಿನ ಸೆರೆ ಸೇರಿದ್ದವನು. ಅರಸನಿಲ್ಲದೆ ಚದುರಿದ ಸೈನಿಕರನ್ನು ಕೂಡಿಸಿಕೊಂಡು ಅವನು ತುಂಗಭದ್ರೆಯ ಉತ್ತರಕ್ಕೆ ಬಂದು ನೆಲೆ ಮಾಡಿದನು. ಉಭಯ ಲೋಕಗಳ ಒಡೆಯನೆಂದು ತನ್ನನ್ನು ಕರೆದುಕೊಂಡನು.

ಅವನನ್ನು ಬೆನ್ನಟ್ಟಲು ಗವರ್ನರ್ ಜನರಲನ ತಮ್ಮನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು 1800ರ ಜೂನಿನಲ್ಲಿ ಹರಿಹರದ ಬಳಿ ಹೊಳೆ ದಾಟಿದನು. ನದಿಯ ಆಚೆ ಪೇಶ್ವೆಯ ರಾಜ್ಯವಿದ್ದುದರಿಂದ ಪುಣೆಯ ಅನುಮತಿಯನ್ನು ಪಡೆಯಲಾಗಿತ್ತು. ಜೂನ್ 27ರಂದು ಅವನ ಮುಂಚೂಣಿಯ ದಳವು ರಾಣೆಬೆನ್ನೂರನ್ನು ಸಮೀಪಿಸಿದಾಗ ಕೋಟೆಯೊಳಗಿದ್ದ ಧೋಂಡಿಯನ ಕಡೆಯವರು ಗುಂಡು ಹಾರಿಸಿದರು. ವೆಲ್ಲೆಸ್ಲಿಯು ಆಗಲೇ ಕೋಟೆಯ ಮೇಲೆ ಲಗ್ಗೆ ಹತ್ತಿಸಿ ಅದನ್ನು ಹಿಡಿದನು. ಒಳಗಿದ್ದ ನೂರಾರು ಜನ ಹತರಾದರು. ಊರನ್ನು ಮರಾಠರ ಪಟವರ್ಧನ ಸರದಾರನಿಗೆ ಒಪ್ಪಿಸಿ ಅವನು ಮುಂದೆ ನಡೆದನು. ಹಾವೇರಿ ಸೀಮೆಯನ್ನು ಹಾದು, ತುಂಬಿದ ವರದೆಯನ್ನು ದೋಣಿಗಳಿಂದ ದಾಟಿ, ಜುಲೈ 12ರ ಹೊತ್ತಿಗೆ ಸವಣೂರಿನಲ್ಲಿ ಬೀಡುಬಿಟ್ಟನು. ಸೆಪ್ಟೆಂಬರ್ 10ರಂದು ಕೋಣಗಲ್ ಎಂಬಲ್ಲಿ ಧೋಂಡಿಯನು ಕಾಳಗದಲ್ಲಿ ಹತನಾದನು. ಅವನ ಪಾಳೆಯದಲ್ಲಿ ಸಿಕ್ಕಿದ ಎಳೆಯ ಬಾಲಕನೊಬ್ಬನನ್ನು, ಸಲಾಬತ್‌ಖಾನನೆಂಬವನನ್ನು, ವೆಲ್ಲೆಸ್ಲಿಯು ಸಾಕಿಸಿದನು. ಹದಿನೈದು ವರ್ಷಗಳ ನಂತರ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ರಾಣೆಬೆನ್ನೂರಿನ ಕೋಟೆಗಾಗಿ ಆ ದಿನ ಹೊಡೆದಾಡಿದವರಲ್ಲಿ ಒಂದು ಪಕ್ಷದ ನಾಯಕ ಐರ್ಲೆಂಡಿನಲ್ಲಿ ಹುಟ್ಟಿದವನು, ಇನ್ನೊಂದು ಪಕ್ಷದವರು ಶ್ರೀರಂಗಪಟ್ಟಣದ ಪತನದಿಂದ ದಿಕ್ಕುಗೆಟ್ಟು ಬಂದವರು. ಊರಿನವರನ್ನು ಯಾರೂ ಕೇಳಿರಲಿಲ್ಲ.

ಈ ವೇಳೆಗೆ ಆಂಗ್ಲರು ರಕ್ಷಣೆಯನ್ನೇ ಒಂದು ವ್ಯಾಪಾರವಾಗಿ ಮಾಡಿಕೊಂಡಿದ್ದರು. ಸಹಾಯಕ ಸೈನ್ಯ ಪದ್ಧತಿ ಎಂದು ಇದಕ್ಕೆ ಹೆಸರು. ಕಂಪನಿಯ ಪಡೆ ಅರಸನ ರಾಜ್ಯದಲ್ಲಿರಬೇಕು, ಅದರ ಖರ್ಚನ್ನು ಅರಸನೇ ಕೊಡಬೇಕು. ಕಂಪನಿಯನ್ನು ಕೇಳದೆ ಅವನು ಬೇರೆ ಯಾರೊಡನೆಯೂ ಸಂಧಿಯನ್ನಾಗಲಿ ಯುದ್ಧವನ್ನಾಗಲಿ ಮಾಡಕೂಡದು. ನಿಜಾಮನು ಮೊದಲೇ ಇದಕ್ಕೆ ತಲೆಬಾಗಿದ್ದನು. 1802ರ ಕೊನೆಯ ದಿನ ವಸಾಯಿಯಲ್ಲಿ ಪೇಶ್ವೆಯೂ ರುಜು ಹಾಕಿದನು. ಎರಡು ಸಾವಿರ ಸವಾರರ ಷರತ್ತಿಗೆ ಸವಣೂರಿನ ನವಾಬನು ಒಪ್ಪಿದ್ದಾಗ ಅವನನ್ನು ಚಿಕ್ಕವನೆಂದು ಎಣಿಸಿದ್ದ ಪುಣೆಯ ದರಬಾರು, ಕಾಲು ಶತಮಾನ ಕಳೆಯುವುದರೊಳಗೆ ಅದಕ್ಕಿಂತ ಕಠಿಣವಾದ ಷರತ್ತಿಗೆ ಒಳಗಾಯಿತು. ಚಿಕ್ಕ ರಾಜ್ಯ, ದೊಡ್ಡ ರಾಜ್ಯ ಎಂಬ ಮಾತುಗಳಿಗೆ ಸ್ಥಿರವಾದ ಅರ್ಥವಿಲ್ಲ. ಎದುರಿಗೆ ಬಂದು ನಿಂತವನು ಎಷ್ಟು ದೊಡ್ಡವನು ಎಂಬುದರ ಮೇಲೆ ಅದು ನಿಂತಿದೆ. 1817–18ರ ಯುದ್ಧದಲ್ಲಿ ಪೇಶ್ವೆಯ ರಾಜ್ಯವೇ ಕಂಪನಿಯ ವಶವಾಯಿತು. ಥಾಮಸ್ ಮನ್ರೋನು ಸ್ಥಳೀಯ ಜನರನ್ನೇ ಪಡೆಯಾಗಿ ಕೂಡಿಸಿಕೊಂಡು ಧಾರವಾಡ ಸೀಮೆಯ ಕೋಟೆಗಳನ್ನು ಒಂದೊಂದಾಗಿ ಹಿಡಿದನು.

ಸವಣೂರಿನ ನವಾಬರಿಗೆ 25 ಹಳ್ಳಿಗಳು ಉಳಿದವು. ಸುಮಾರು 70 ಚದರ ಮೈಲಿಯ ಆ ಪುಟ್ಟ ಸಂಸ್ಥಾನವು ಧಾರವಾಡದ ಕಲೆಕ್ಟರನ ಮೇಲ್ವಿಚಾರಣೆಗೆ ಒಳಪಟ್ಟು ಮುಂದೆ ನೂರಮೂವತ್ತು ವರ್ಷಗಳ ಕಾಲ ನಡೆಯಿತು. ಹಿಂದಿನಂತೆ ಮುತ್ತಿಗೆಗಳಿರಲಿಲ್ಲ. ಊರು ಸುಲಿಗೆಯಾಗುವ ಭಯ ತಪ್ಪಿತು. ಸವಣೂರಿನ ಸುತ್ತಲಿನ ಎಲೆಬಳ್ಳಿಯ ತೋಟಗಳು ಹೆಸರಾದವು. ಆದರೆ ಯಾವ ಯುದ್ಧಕ್ಕೆ ಸೇರಬೇಕು, ಯಾವುದರಿಂದ ದೂರವಿರಬೇಕು ಎಂದು ಯೋಚಿಸುವ ಹಕ್ಕೇ ಸಂಸ್ಥಾನಕ್ಕೆ ಉಳಿಯಲಿಲ್ಲ. ಆ ನಿರ್ಧಾರಗಳು ಹಿಂದಿನಂತೆಯೇ ಬೇರೆ ಕಡೆ ಆಗುತ್ತಿದ್ದವು. ಸವಣೂರು ಅದನ್ನು ಈಗ ಕಾಗದದ ಮೇಲೆ ಒಪ್ಪಿಕೊಂಡಿತ್ತು, ಇಷ್ಟೇ ವ್ಯತ್ಯಾಸ.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡು ಗೆದ್ದರೂ ಬಸವಳಿಯಿತು. ಒಳಗೆ ಸ್ವಾತಂತ್ರ್ಯದ ಹೋರಾಟವು ಅದರ ಆಡಳಿತವನ್ನು ನಡೆಯಗೊಡಲಿಲ್ಲ. 1947ರಲ್ಲಿ ಆಂಗ್ಲರು ಹೊರಟಾಗ ಅವರ ಸಾರ್ವಭೌಮತ್ವದ ಕೆಳಗಿದ್ದ ಸಂಸ್ಥಾನಗಳಿಗೆ ಕೊಟ್ಟಿದ್ದ ಅಭಯವೂ ಹೊರಟುಹೋಯಿತು. 1948ರ ಮಾರ್ಚ್ 8ರಂದು ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೊಡನೆ ಅದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾದಾಗ ರಾಣೆಬೆನ್ನೂರು, ಬ್ಯಾಡಗಿಗಳಂತೆ ಸವಣೂರೂ ಅದರ ಒಂದು ತಾಲ್ಲೂಕಾಯಿತು. ಬುಸ್ಸಿಯ ತೋಪುಗಳೆದುರು ಬೇರೆ ಬೇರೆಯಾಗಿ ನಿಂತಿದ್ದ ಸವಣೂರು, ಗುತ್ತಿಗಳೂ, ಅವುಗಳ ಮೇಲೆ ಏರಿ ಬಂದಿದ್ದ ಪುಣೆ, ಹೈದರಾಬಾದುಗಳೂ ಈಗ ಒಂದೇ ದೇಶದ ಗಡಿಯೊಳಗಿವೆ. ಅವೆಲ್ಲವುಗಳ ರಕ್ಷಣೆಗೆ ಒಂದೇ ಸೈನ್ಯವಿದೆ.